ತುಳಸಿ, ದೊಡ್ಡಪತ್ರೆಯಲ್ಲಿರುವ ರೋಸ್ಮರಿನಿಕ್ ಆಮ್ಲ: ಕ್ಯಾಪ್ಸೂಲ್ ಬೇಕಾ, ಕಷಾಯ ಸಾಕಾ?

ಪ್ರಶ್ನೆ: ನನ್ನ ಅಮ್ಮನಿಗೆ 64 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಾರೆ. ಮಂಡಿನೋವಿದೆ. ಈಚೆಗೆ ಹಿಮೋಗ್ಲೋಬಿನ್ ಕಡಿಮೆ ಅಂತ ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ತುಳಸಿ, ದೊಡ್ಡಪತ್ರೆ ಹಾಕಿ ಕಷಾಯ ಮಾಡಿ, ಅದರ ಜೊತೆಗೇ ಮಾತ್ರೆ ನುಂಗುತ್ತಾರೆ. ವಿದೇಶದಲ್ಲಿರುವ ತಮ್ಮ ರೋಸ್ಮರಿನಿಕ್ ಆಸಿಡ್ ಅನ್ನೋ ಕ್ಯಾಪ್ಸೂಲ್ ತಂದಿದ್ದಾನೆ. ಮಂಡಿನೋವು, ಮರೆವು, ಅಲರ್ಜಿ ಎಲ್ಲಕ್ಕೂ ಒಳ್ಳೆಯದಂತೆ. ಇದೇ ಅಂಶ ತುಳಸಿಯಲ್ಲೂ ಇದೆ ಅಂತ ಓದಿದೆ. ಕ್ಯಾಪ್ಸೂಲ್ ಕೊಡಬಹುದಾ? ಎಲೆಯಲ್ಲೇ ಸಿಗುತ್ತೆ ಅಂದರೆ ಕಷಾಯವೇ ಸಾಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕ್ಯಾಪ್ಸೂಲ್ ಸದ್ಯಕ್ಕೆ ಬೇಡ. ಕಷಾಯ ಮುಂದುವರಿಯಲಿ. ಆದರೆ ಕಷಾಯದ ಜೊತೆಗೆ ಕಬ್ಬಿಣದ ಮಾತ್ರೆ ನುಂಗುವುದನ್ನು ನಾಳೆಯಿಂದಲೇ ನಿಲ್ಲಿಸಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಕ್ಯಾಪ್ಸೂಲ್‌ಗಿಂತ ಆ ಒಂದು ಸಾಲು. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ನಾನು ಗಿಡಮೂಲಿಕೆಗಳ ರಸಾಯನ ಓದಿದವನು, ವೈದ್ಯನಲ್ಲ. ಹಾಗಾಗಿ ಮಾತ್ರೆಯ ಪ್ರಮಾಣದ ವಿಷಯ ಬಂದ ಕಡೆಯಲ್ಲೆಲ್ಲ ನಿಮ್ಮ ವೈದ್ಯರ ಮಾತೇ ಕೊನೆಯದು.

ರೋಸ್ಮರಿನಿಕ್ ಆಮ್ಲ ಗಿಡಗಳು ತಮಗಾಗಿ ಮಾಡಿಕೊಳ್ಳುವ ಒಂದು ಫೀನಾಲಿಕ್ ಆಮ್ಲ. 1958ರಲ್ಲಿ ಸ್ಕಾರ್ಪಾಟಿ ಮತ್ತು ಓರಿಯೆಂಟೆ ಎಂಬ ಇಟಲಿಯ ಇಬ್ಬರು ರಸಾಯನ ವಿಜ್ಞಾನಿಗಳು ಇದನ್ನು ರೋಸ್ಮರಿ ಗಿಡದಿಂದ ಬೇರ್ಪಡಿಸಿದರು, ಹೆಸರು ಅಲ್ಲಿಂದಲೇ ಬಂತು. ಕೆಫೀಕ್ ಆಮ್ಲ ಮತ್ತು ಅದರ ಹತ್ತಿರದ ಸಂಬಂಧಿಯಾದ ಇನ್ನೊಂದು ಆಮ್ಲ ಸೇರಿ ಇದು ಆಗುತ್ತದೆ. ಕೆಫೀಕ್ ಅಂದ ಕೂಡಲೇ ಗಾಬರಿ ಬೇಡ, ಕಾಫಿಯ ಕೆಫೀನ್‌ಗೂ ಇದಕ್ಕೂ ಸಂಬಂಧವಿಲ್ಲ, ನಿದ್ದೆ ಕೆಡಿಸುವುದಿಲ್ಲ. ಶಿಲೀಂಧ್ರ, ಬ್ಯಾಕ್ಟೀರಿಯಾ, ಎಲೆ ತಿನ್ನುವ ಹುಳು ಇವುಗಳ ವಿರುದ್ಧ ಗಿಡಕ್ಕೆ ಇದು ರಕ್ಷಣೆ. ಕಾಮಕಸ್ತೂರಿಯ ಬೇರಿಗೆ ರೋಗಾಣು ತಗುಲಿದರೆ ಬೇರು ಈ ಆಮ್ಲವನ್ನು ಹೊರಕ್ಕೆ ಸುರಿಸುತ್ತದೆ ಎಂದು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ.

ಇದು ಹೇರಳವಾಗಿ ಇರುವುದು ತುಳಸಿಯ ಕುಟುಂಬದ ಗಿಡಗಳಲ್ಲಿ. ನಮ್ಮ ಹಿತ್ತಲಿನ ಅರ್ಧ ಘಮ ಆ ಕುಟುಂಬದ್ದೇ: ತುಳಸಿ, ಕಾಮಕಸ್ತೂರಿ, ಪುದೀನ, ದೊಡ್ಡಪತ್ರೆ, ಹೂವಿನ ದಂಡೆಗೆ ಸೇರಿಸುವ ಮರುಗ. ಕೆಲವರು ದೊಡ್ಡಪತ್ರೆಗೆ ಸಾಂಬ್ರಾಣಿ ಸೊಪ್ಪು ಅನ್ನುತ್ತಾರೆ, ಗಿಡ ಒಂದೇ. ಕುಂಡದಲ್ಲಿ ಬಣ್ಣದ ಎಲೆಗಾಗಿ ಬೆಳೆಸುವ ಕೋಲಿಯಸ್ ಕೂಡ ಇದೇ ಬಳಗ. ಜರ್ಮನಿಯ ವಿಜ್ಞಾನಿಗಳು 1980ರ ದಶಕದಲ್ಲಿ ಕೋಲಿಯಸ್‌ನ ಜೀವಕೋಶಗಳನ್ನು ದ್ರವದಲ್ಲಿ ಬೆಳೆಸಿದಾಗ ಅವುಗಳ ಒಣ ತೂಕದ ಸುಮಾರು ಐದನೇ ಒಂದು ಭಾಗ ಬರೀ ಈ ಆಮ್ಲವೇ ಆಗಿತ್ತು.

ಈಗ ಇದು ಏನು ಮಾಡುತ್ತದೆ ಅನ್ನೋ ಪ್ರಶ್ನೆ. ಕ್ಯಾಪ್ಸೂಲ್ ಬಾಟಲಿಯ ಮೇಲೆ "ಆಂಟಿಆಕ್ಸಿಡೆಂಟ್", ಅಂದರೆ ಆಮ್ಲಜನಕದಿಂದ ಜೀವಕೋಶಗಳಿಗೆ ಆಗುವ ಹಾನಿಯನ್ನು ತಡೆಯುವಂಥದ್ದು, ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, ಅಲ್ವಾ? ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಅದು ನಿಜ. ಉರಿಯೂತದ ಹಲವು ಹೆಜ್ಜೆಗಳನ್ನು ತಡೆಯುತ್ತದೆ, ಕೆಲವು ವೈರಸ್‌ಗಳಿಗೆ ಅಡ್ಡಿ ಮಾಡುತ್ತದೆ, ಇಲಿಗಳಲ್ಲಿ ಇನ್ನೂ ಏನೇನೋ ಮಾಡುತ್ತದೆ. ಆದರೆ ನಳಿಗೆಯ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯ ಒಂದು ದೊಡ್ಡ ಪಟ್ಟಿ ಇಟ್ಟಿತ್ತು. ಆ ಅಂಕಿಗಳಿಗೂ ಮನುಷ್ಯರ ಆರೋಗ್ಯಕ್ಕೂ ನೇರ ನಂಟಿಲ್ಲ, ವ್ಯಾಪಾರಿಗಳು ಅದನ್ನು ಜಾಹೀರಾತಿಗೆ ಬಳಸುತ್ತಿದ್ದಾರೆ ಎಂದು 2012ರಲ್ಲಿ ತಾನೇ ಆ ಪಟ್ಟಿಯನ್ನು ತೆಗೆದುಹಾಕಿತು. ವ್ಯಾಪಾರಿಗಳು ಮಾತ್ರ ಇನ್ನೂ ಬಿಟ್ಟಿಲ್ಲ.

ಹೊಟ್ಟೆಗೆ ಹೋದ ಮೇಲೆ ಇದರ ಗತಿ ಏನಾಗುತ್ತದೆ ಎಂದು ಜಪಾನಿನವರು ಅಳೆದಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರು ಆರೋಗ್ಯವಂತ ಗಂಡಸರಿಗೆ 200 ಮಿಲಿಗ್ರಾಂ ರೋಸ್ಮರಿನಿಕ್ ಆಮ್ಲ ಇರುವ ಪೆರಿಲ್ಲಾ ಎಲೆಯ ಸಾರ ಕೊಟ್ಟರು. ಪೆರಿಲ್ಲಾ ಅಂದರೆ ಜಪಾನಿನ ಅಡುಗೆಯ ಸೊಪ್ಪು, ತುಳಸಿ ಕುಟುಂಬದ್ದೇ. ಅರ್ಧ ಗಂಟೆಯಲ್ಲಿ ಆಮ್ಲ ರಕ್ತದಲ್ಲಿ ಕಾಣಿಸಿಕೊಂಡು ಗರಿಷ್ಠ ಮಟ್ಟ ಮುಟ್ಟಿತು, ಹಾಗೆಯೇ ಬೇಗ ಇಳಿಯಿತು. ಕುಡಿದದ್ದರಲ್ಲಿ ಮೂತ್ರದ ಮೂಲಕ ಹೊರಬಂದದ್ದು ಶೇಕಡಾ 6ರ ಆಸುಪಾಸು. ಅದರಲ್ಲೂ ಮುಕ್ಕಾಲು ಪಾಲು ಮೊದಲ ಆರು ಗಂಟೆಯಲ್ಲೇ ಹೋಯಿತು. ಬಹಳಷ್ಟು ಬೇರೆ ರೂಪಕ್ಕೆ ತಿರುಗಿತ್ತು. ಅಂದರೆ ನಳಿಗೆಯಲ್ಲಿ ಕೆಲಸ ಮಾಡುವಷ್ಟು ಪ್ರಮಾಣ ಮಂಡಿಯ ಕೀಲಿಗೋ ಮೆದುಳಿಗೋ ತಲುಪುತ್ತದೆ ಎಂದು ಸುಮ್ನೆ ನಂಬಿಬಿಡಲು ಆಗುವುದಿಲ್ಲ. ಮನುಷ್ಯರ ಮೇಲಿನ ಪ್ರಯೋಗವನ್ನೇ ನೋಡಬೇಕು. ತಮ್ಮ ಹೇಳಿದ ಮೂರಕ್ಕೂ ಒಂದಲ್ಲ ಒಂದು ಪ್ರಯೋಗ ನಡೆದಿದೆ.

ಅಲರ್ಜಿಯಿಂದ ಶುರು ಮಾಡೋಣ, ಯಾಕೆಂದರೆ ಒಂದಿಷ್ಟು ಭರವಸೆ ಇರುವುದು ಅಲ್ಲಿ. 2004ರಲ್ಲಿ ಜಪಾನಿನಲ್ಲಿ, ಋತುಮಾನದ ಅಲರ್ಜಿಯಿಂದ ಮೂಗು, ಕಣ್ಣು ತುರಿಸುವ 29 ಜನರಿಗೆ 21 ದಿನ ಪ್ರಯೋಗ ಮಾಡಿದರು. ಕೆಲವರಿಗೆ ದಿನಕ್ಕೆ 200 ಮಿಲಿಗ್ರಾಂ, ಕೆಲವರಿಗೆ 50 ಮಿಲಿಗ್ರಾಂ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಆಮ್ಲ ತಗೊಂಡವರಲ್ಲಿ ಮೂಗಿನ ತುರಿಕೆ, ಕಣ್ಣಿನ ತುರಿಕೆ, ಕಣ್ಣಲ್ಲಿ ನೀರು ಬರುವುದು ಕಡಿಮೆಯಾಯಿತು. ಮೂಗಿನ ದ್ರವದಲ್ಲಿ ಉರಿಯೂತದ ಕಣಗಳೂ ಇಳಿದಿದ್ದವು. ಒಳ್ಳೆಯ ಸುದ್ದಿಯೇ. ಆದರೆ 29 ಜನರನ್ನು ಮೂರು ಗುಂಪು ಮಾಡಿದರೆ ಒಂದೊಂದರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ, ನೀವೇ ನೋಡಿ. ಇಷ್ಟರ ಮೇಲೆ ಔಷಧ ಅನ್ನಲು ಬರುವುದಿಲ್ಲ. ಅದೂ ಅಲ್ಲದೆ ನಿಮ್ಮ ಅಮ್ಮನಿಗೆ ಅಲರ್ಜಿ ಇದೆ ಎಂದು ನೀವು ಬರೆದಿಲ್ಲ.

ಮಂಡಿನೋವಿನ ಪ್ರಯೋಗ ನನಗೆ ತುಂಬ ಇಷ್ಟ, ಯಾಕೆಂದರೆ ಅದು ಕ್ಯಾಪ್ಸೂಲ್‌ನದ್ದಲ್ಲ, ಚಹಾದ್ದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ರೋಸ್ಮರಿನಿಕ್ ಆಮ್ಲ ಜಾಸ್ತಿ ಇರುವ ಒಂದು ಪುದೀನ ತಳಿಯನ್ನೇ ಆರಿಸಿ ಬೆಳೆಸಿದ್ದರು. ಅದರ ಒಂದು ಕಪ್ ಚಹಾದಲ್ಲಿ 130ರಿಂದ 150 ಮಿಲಿಗ್ರಾಂ ಆಮ್ಲ. ಅಂಗಡಿಯಲ್ಲಿ ಸಿಗುವ ಅದೇ ಜಾತಿಯ ಪುದೀನ ಚಹಾದಲ್ಲಿ ಸುಮಾರು 13 ಮಿಲಿಗ್ರಾಂ. ಮಂಡಿಸವೆತ ಇರುವ 62 ಜನರಿಗೆ 16 ವಾರ, ದಿನಕ್ಕೆ ಎರಡು ಕಪ್. ಕೆಲವರಿಗೆ ಒಂದು ಚಹಾ, ಉಳಿದವರಿಗೆ ಇನ್ನೊಂದು. ಕೊನೆಯವರೆಗೆ ಉಳಿದವರು 46 ಜನ. 2014ರಲ್ಲಿ ಫಲಿತಾಂಶ ಬಂತು: ಆಮ್ಲ ಜಾಸ್ತಿ ಇದ್ದ ಚಹಾ ಕುಡಿದವರ ನೋವು ಮೊದಲಿಗಿಂತ ಕಡಿಮೆಯಾಗಿತ್ತು. ಆದರೆ ಬಿಗಿತ ಮತ್ತು ಓಡಾಟದ ತೊಂದರೆ ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು. ಸಾಮಾನ್ಯ ಪುದೀನ ಚಹಾ ಕುಡಿದವರಿಗೂ! ದಿನಾ ಎರಡು ಸಲ ಕೂತು ಬಿಸಿಬಿಸಿ ಏನಾದರೂ ಕುಡಿದರೆ, ಯಾರಾದರೂ ನಮ್ಮ ಮಂಡಿಯ ಬಗ್ಗೆ ವಿಚಾರಿಸಿದರೆ, ಒಂದಿಷ್ಟು ಹಗುರ ಅನ್ನಿಸುವುದು ಸಹಜ. ಅದನ್ನು ಕಳೆದರೆ ಆಮ್ಲದ ಪಾಲು ಎಷ್ಟು ಉಳಿಯುತ್ತದೆ ಎಂದು ಈ ಪ್ರಯೋಗ ಗಟ್ಟಿಯಾಗಿ ಹೇಳಲಿಲ್ಲ.

ಈ ಪ್ರಯೋಗದಿಂದ ನಾನು ಎತ್ತಿಕೊಳ್ಳುವ ಮಾತು ಬೇರೆ. ಒಂದೇ ಜಾತಿಯ ಪುದೀನದಲ್ಲಿ ಹತ್ತು ಪಟ್ಟು ವ್ಯತ್ಯಾಸ! ತಳಿ, ಬಿಸಿಲು, ಕೊಯ್ಲಿನ ಹೊತ್ತು, ಒಣಗಿಸಿದ ರೀತಿ ಎಲ್ಲವೂ ಪ್ರಮಾಣ ಬದಲಿಸುತ್ತವೆ. ಹಾಗಾಗಿ "ದಿನಕ್ಕೆ ಐದು ತುಳಸಿ ಎಲೆ ತಿಂದರೆ ಇಷ್ಟು ಮಿಲಿಗ್ರಾಂ ಸಿಗುತ್ತದೆ" ಎಂದು ಯಾರಾದರೂ ಲೆಕ್ಕ ಕೊಟ್ಟರೆ ನಂಬಬೇಡಿ. ನಿಮ್ಮ ಅಂಗಳದ ತುಳಸಿಯನ್ನು ಯಾರೂ ಅಳೆದಿಲ್ಲ.

ಮರೆವಿನ ವಿಷಯದಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. ಜಪಾನಿನ ಕನಾಜಾವಾ ವಿಶ್ವವಿದ್ಯಾಲಯದ ತಂಡ ಮರೆವಿನ ಕಾಯಿಲೆ ಇಲ್ಲದ 323 ಹಿರಿಯರಿಗೆ 96 ವಾರ, ದಿನಕ್ಕೆ 500 ಮಿಲಿಗ್ರಾಂ ರೋಸ್ಮರಿನಿಕ್ ಆಮ್ಲ ಇರುವ ಲೆಮನ್ ಬಾಮ್ ಎಲೆಯ ಸಾರವನ್ನೋ ಹುಸಿ ಮಾತ್ರೆಯನ್ನೋ ಕೊಟ್ಟಿತು. ಲೆಮನ್ ಬಾಮ್ ಕೂಡ ತುಳಸಿಯ ನೆಂಟನೇ, ನಿಂಬೆ ವಾಸನೆಯ ಯುರೋಪಿನ ಗಿಡ. 2023ರಲ್ಲಿ ಬಂದ ಫಲಿತಾಂಶ: ನೆನಪಿನ ಪರೀಕ್ಷೆಗಳಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಧಿಕ ರಕ್ತದೊತ್ತಡ ಇಲ್ಲದವರನ್ನು ಮಾತ್ರ ಬೇರೆ ತೆಗೆದು ನೋಡಿದಾಗ ಒಂದು ಅಳತೆಯಲ್ಲಿ ಸ್ವಲ್ಪ ಲಾಭ ಕಂಡಿತು. ಹೀಗೆ ಆಮೇಲೆ ತುಂಡು ಮಾಡಿ ನೋಡಿದಾಗ ಸಿಕ್ಕ ಲಾಭ ಇನ್ನೊಂದು ಪ್ರಯೋಗಕ್ಕೆ ದಾರಿ ಮಾತ್ರ, ಮಾತ್ರೆ ಕೊಳ್ಳಲು ಕಾರಣವಲ್ಲ. ಕ್ಯಾಪ್ಸೂಲ್ ಮಾರುವವರು ಆ ತುಂಡನ್ನಷ್ಟೇ ತೋರಿಸಿದರೆ ಆಶ್ಚರ್ಯ ಪಡಬೇಡಿ. ಒಂದು ಮಾತು ಅದರ ಪರವಾಗಿ ಹೇಳಬೇಕು: ಅಷ್ಟು ದಿನ ತಗೊಂಡರೂ ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ.

ಬಾಟಲಿಯಲ್ಲಿ ಬರೆಯದ ಒಂದು ಉಪಯೋಗವೂ ಇದೆ. ಜ್ವರ ಬಂದಾಗ ತುಟಿಯ ಅಂಚಿಗೆ ನೀರುಗುಳ್ಳೆ ಏಳುತ್ತದಲ್ಲ, ಹರ್ಪಿಸ್ ವೈರಸ್‌ನಿಂದ ಬರುವುದು, ಅದಕ್ಕೆ ಲೆಮನ್ ಬಾಮ್ ಸಾರದ ಕ್ರೀಮನ್ನು ಜರ್ಮನಿ ಕಡೆ ಹಚ್ಚುತ್ತಾರೆ. 1999ರಲ್ಲಿ 66 ಜನರ ಮೇಲೆ ನಡೆದ ಪ್ರಯೋಗದಲ್ಲಿ ಎರಡನೇ ದಿನದ ಹೊತ್ತಿಗೆ ಕ್ರೀಮ್ ಹಚ್ಚಿದವರ ತೊಂದರೆ ಹುಸಿ ಕ್ರೀಮಿನವರಿಗಿಂತ ಕಡಿಮೆ ಇತ್ತು. ನೇರವಾಗಿ ಚರ್ಮಕ್ಕೆ ಹಚ್ಚುವಾಗ ಹೊಟ್ಟೆ, ಯಕೃತ್ತು ದಾಟುವ ಗೋಜಿಲ್ಲ, ಬೇಕಾದ ಜಾಗಕ್ಕೆ ಬೇಕಾದಷ್ಟು ತಲುಪುತ್ತದೆ. ಈ ಆಮ್ಲಕ್ಕೆ ಇಂಥ ಕೆಲಸವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ಚರ್ಮದ ಮಾತು ಬಂತಲ್ಲ, ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇದನ್ನೂ ಹೇಳಬೇಕು. ದೊಡ್ಡಪತ್ರೆ ಮತ್ತು ಒಂದೆಲಗದ ಸಾರದಿಂದ ಮಾಡಿದ ಒಂದು ಮುಲಾಮು ತೈವಾನ್‌ನಲ್ಲಿ ಮಧುಮೇಹಿಗಳ ಕಾಲಿನ ಹುಣ್ಣಿಗೆ ಔಷಧವಾಗಿ ಒಪ್ಪಿಗೆ ಪಡೆದಿದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 236 ರೋಗಿಗಳಿದ್ದರು. 16 ವಾರದಲ್ಲಿ ಪೂರ್ತಿ ಹುಣ್ಣು ಮಾಗಿದವರು ಮುಲಾಮಿನ ಗುಂಪಿನಲ್ಲಿ ಶೇ 60.7, ಸಾಮಾನ್ಯವಾಗಿ ಬಳಸುವ, ಹುಣ್ಣಿನ ರಸ ಹೀರುವ ಪಟ್ಟಿಯ ಗುಂಪಿನಲ್ಲಿ ಶೇ 35.1. ನಮ್ಮ ಹಿತ್ತಲಿನ ಎರಡು ಸೊಪ್ಪು ಹೀಗೆ ದೊಡ್ಡ ಪ್ರಯೋಗ ದಾಟಿ ಬಂದದ್ದು ನೋಡಿ ನನಗಂತೂ ಖುಷಿಯಾಯಿತು. ಆದರೆ ದಯವಿಟ್ಟು ಯಾರೂ ದೊಡ್ಡಪತ್ರೆ ಅರೆದು ಕಾಲಿನ ಹುಣ್ಣಿಗೆ ಮೆತ್ತಬೇಡಿ. ಆ ಮುಲಾಮು ಶುದ್ಧ ಮಾಡಿದ, ರೋಗಾಣು ಇಲ್ಲದ, ಅಳತೆ ಗೊತ್ತಿರುವ ಸಾರ. ಅಂಗಳದ ಎಲೆಯಲ್ಲಿ ಮಣ್ಣು, ಬ್ಯಾಕ್ಟೀರಿಯಾ ಎಲ್ಲ ಇರುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಕೆಟ್ಟರೆ ಬೆರಳು, ಪಾದ ಕಳೆದುಕೊಳ್ಳುವ ಮಟ್ಟಕ್ಕೆ ಹೋಗುತ್ತದೆ. ಆ ಮುಲಾಮಿನ ಗೆಲುವೆಲ್ಲ ರೋಸ್ಮರಿನಿಕ್ ಆಮ್ಲದ್ದೇ ಅಂತಲೂ ಹೇಳಲಾಗದು. ಸಾರದಲ್ಲಿ ಬೇರೆ ಅಂಶಗಳೂ ಇವೆ.

ಇನ್ನು ಎಲೆಯಲ್ಲಿ ಸಿಗುತ್ತದಾ ಅನ್ನೋ ಪ್ರಶ್ನೆ. ಸಿಗುತ್ತದೆ, ಆದರೆ ಹೇಗೆ ತಗೊಳ್ತೀರಿ ಅನ್ನುವುದರ ಮೇಲೆ ನಿಂತಿದೆ. ರೋಸ್ಮರಿನಿಕ್ ಆಮ್ಲ ನೀರಿನಲ್ಲಿ ಕರಗುತ್ತದೆ, ಆವಿಯಾಗಿ ಹಾರುವುದಿಲ್ಲ. ತುಳಸಿಯ ಘಮ ಕೊಡುವ ಯೂಜೆನಾಲ್, ದೊಡ್ಡಪತ್ರೆಯ ಖಾರವಾಸನೆಯ ಕಾರ್ವಕ್ರಾಲ್ ಇದಕ್ಕೆ ವಿರುದ್ಧ. ಅವು ಎಣ್ಣೆಯ ಸ್ವಭಾವದವು, ಹಬೆಯ ಜೊತೆ ಹಾರಿಹೋಗುತ್ತವೆ. ಕಷಾಯಕ್ಕೆ ಮುಚ್ಚಳ ಮುಚ್ಚಿ ಅಂತ ಹಿರಿಯರು ಹೇಳುವುದು ಆ ಘಮ ಉಳಿಯಲಿ ಎಂದು, ಅದು ಸರಿ. ಕಷಾಯದಲ್ಲಿ ಎರಡೂ ಇರುತ್ತವೆ, ಒಗರು ರುಚಿಯಲ್ಲಿ ಈ ಆಮ್ಲದಂಥ ಫೀನಾಲುಗಳ ಪಾಲೂ ಇದೆ. ಆದರೆ ಹಬೆ ಹಾಯಿಸಿ ಇಳಿಸಿದ ತುಳಸಿ ಎಣ್ಣೆ, ತುಳಸಿ ಅರ್ಕ, ಹನಿ ಹಾಕುವ ತುಳಸಿ ಡ್ರಾಪ್ಸ್‌ನಂಥ ಮಾಲುಗಳಲ್ಲಿ ಘಮದ ಭಾಗ ಮಾತ್ರ ಬರುತ್ತದೆ, ಆಮ್ಲ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಈಚೆಗೆ ಎಲ್ಲರೂ ಕೂದಲಿಗೆ ಹಚ್ಚುತ್ತಿರುವ ರೋಸ್ಮರಿ ಎಣ್ಣೆಯದೂ ಇದೇ ಕಥೆ. ಆ ಬಾಟಲಿಯ ಮೇಲೆ ಯಾರಾದರೂ ರೋಸ್ಮರಿನಿಕ್ ಆಮ್ಲದ ಗುಣಗಾನ ಬರೆದಿದ್ದರೆ ಅವರಿಗೆ ತಮ್ಮ ಮಾಲಿನಲ್ಲಿ ಏನಿದೆ ಎಂದು ಗೊತ್ತಿಲ್ಲ ಅಂತಲೇ ಅರ್ಥ.

ಇನ್ನೊಂದು ಸಣ್ಣ ವಿಷಯ. ಹಸಿ ಎಲೆ ಜಜ್ಜಿ ಇಟ್ಟರೆ ಕಪ್ಪಾಗುತ್ತದೆ. ಎಲೆಯೊಳಗಿನ ಕಿಣ್ವಗಳು ಈ ಆಮ್ಲವನ್ನೂ ಅದರ ಬಳಗದವನ್ನೂ ಗಾಳಿಯ ಜೊತೆ ಸೇರಿಸಿ ಕೆಡಿಸುವುದರಿಂದ ಹಾಗಾಗುತ್ತದೆ. ಕುದಿಯುವ ನೀರಿಗೆ ಬಿದ್ದರೆ ಕಿಣ್ವಗಳ ಕೆಲಸ ನಿಲ್ಲುತ್ತದೆ. ಹಾಗಾಗಿ ಎಲೆಯನ್ನು ಕೊನೆಗಳಿಗೆಯಲ್ಲಿ ಹರಿದು, ಕುದಿಯುವ ನೀರಿಗೇ ಹಾಕಿ, ಮುಚ್ಚಿ ಐದು ನಿಮಿಷ ಬಿಟ್ಟರೆ ಸಾಕು. ದೊಡ್ಡಪತ್ರೆ ತಂಬುಳಿ, ಚಟ್ನಿ ಮಾಡುವವರು ಎಲೆಯನ್ನು ಮೊದಲು ಬಾಡಿಸಿಕೊಳ್ಳುತ್ತಾರಲ್ಲ, ಅಲ್ಲೂ ಇದೇ ಆಗುವುದು.

ಈಗ ಮೊದಲು ಹೇಳಿದ ಕಬ್ಬಿಣದ ವಿಷಯ. ರೋಸ್ಮರಿನಿಕ್ ಆಮ್ಲದ ಅಣುವಿನಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುವ ಜಾಗಗಳಿವೆ. ಹಾಗೆ ಹಿಡಿದುಕೊಂಡ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೆಡ್ಡಿನ ಊಟದ ಜೊತೆ ಬೇರೆ ಬೇರೆ ಪಾನೀಯ ಕೊಟ್ಟು ಕಬ್ಬಿಣ ಎಷ್ಟು ಒಳಸೇರಿತು ಎಂದು ಅಳೆದರು. ಮಾಮೂಲಿ ಚಹಾ ಕಬ್ಬಿಣದ ಹೀರಿಕೆಯನ್ನು ಶೇ 79ರಿಂದ 94ರಷ್ಟು ಕಡಿಮೆ ಮಾಡಿತು. ಪೆಪ್ಪರ್‌ಮಿಂಟ್, ಅಂದರೆ ಪುದೀನದ ಒಂದು ಜಾತಿಯ ಚಹಾ ಶೇ 84ರಷ್ಟು! ಗಿಡಮೂಲಿಕೆ ಚಹಾ ಅಂದರೆ ಸಾಧು ಅಂದುಕೊಂಡಿರುತ್ತೇವೆ, ಈ ವಿಷಯದಲ್ಲಿ ಅದು ಮಾಮೂಲಿ ಚಹಾಕ್ಕೆ ಸಮ. ಹಾಲು ಹಾಕಿದರೂ ವ್ಯತ್ಯಾಸ ಆಗಲಿಲ್ಲ. ಅಲ್ಲಿ ಅಳೆದದ್ದು ಊಟದ ಕಬ್ಬಿಣ, ತುಳಸಿಯೂ ಆ ಪಟ್ಟಿಯಲ್ಲಿರಲಿಲ್ಲ. ಆದರೂ ಒಂದೇ ಬಗೆಯ ಅಣುಗಳಿರುವ ಕಷಾಯದ ಜೊತೆ ಮಾತ್ರೆ ನುಂಗಿಸಲು ನನಗೆ ಧೈರ್ಯ ಸಾಲದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನರಿಗೆ ರಕ್ತಹೀನತೆ ಇದೆ. ಅಮ್ಮನ ವಯಸ್ಸು ಆ ಲೆಕ್ಕದಿಂದ ಹೊರಗಿರಬಹುದು, ಆದರೆ ನೀವು, ನಿಮ್ಮ ಮನೆಯ ಹುಡುಗಿಯರು ಅದರೊಳಗೇ ಬರುತ್ತೀರಿ. 2020ರಲ್ಲಿ ಆಯುಷ್ ಸಚಿವಾಲಯ ನಾಲ್ಕು ಪಾಲು ತುಳಸಿ, ಎರಡು ಪಾಲು ಚಕ್ಕೆ, ಎರಡು ಪಾಲು ಶುಂಠಿ, ಒಂದು ಪಾಲು ಕಾಳುಮೆಣಸಿನ ಕಷಾಯ ಹೇಳಿದ ಮೇಲೆ ಎಷ್ಟೋ ಮನೆಗಳಲ್ಲಿ ಊಟ ತಿಂಡಿಯ ಜೊತೆಗೇ ಕಷಾಯದ ಲೋಟ ಬಂದು ಕೂತಿದೆ. ಕುಡಿಯಿರಿ, ತೊಂದರೆ ಇಲ್ಲ. ಆದರೆ ಕಷಾಯವನ್ನು ಊಟದಿಂದಲೂ ಕಬ್ಬಿಣದ ಮಾತ್ರೆಯಿಂದಲೂ ಎರಡು ಗಂಟೆಯಷ್ಟು ದೂರ ಇಡಿ. ಮಾತ್ರೆಯನ್ನು ನೀರಿನಲ್ಲೋ, ಸಕ್ಕರೆ ಹಾಕದ ನಿಂಬೆನೀರಿನಲ್ಲೋ ತಗೊಳ್ಳಲಿ, ಕಾಫಿ ಟೀ ಜೊತೆಗೂ ಬೇಡ.

ಉಳಿದ ಎಚ್ಚರಿಕೆ ಬೇಗ ಹೇಳಿ ಮುಗಿಸುತ್ತೇನೆ. ತುಳಸಿ ಕೆಲವರಲ್ಲಿ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ ಎಂದು ಸಣ್ಣ ಪ್ರಯೋಗಗಳು ತೋರಿಸಿವೆ. ದಿನಕ್ಕೊಂದು ಲೋಟ ಕಷಾಯಕ್ಕೆ ಹೆದರಬೇಕಿಲ್ಲ. ಆದರೆ ಸಕ್ಕರೆ ಮಾತ್ರೆಯ ಜೊತೆ ಗಟ್ಟಿ ಸಾರದ ಕ್ಯಾಪ್ಸೂಲ್ ಸೇರಿದರೆ ಬೆವರುವುದು, ಕೈ ನಡುಗುವುದು, ತಲೆಸುತ್ತು ಬಂದೀತು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಆಪರೇಷನ್ ದಿನ ಗೊತ್ತಾಗಿರುವವರು ಇಂಥ ಯಾವ ಕ್ಯಾಪ್ಸೂಲ್ ಇದ್ದರೂ ವೈದ್ಯರಿಗೆ ತಿಳಿಸಲೇಬೇಕು.

"ಗಿಡದ್ದು, ಏನೂ ಆಗಲ್ಲ" ಅನ್ನುವವರಿಗೆ ನಾನು ಕಾಮ್‌ಫ್ರಿ ಗಿಡದ ಉದಾಹರಣೆ ಕೊಡುತ್ತೇನೆ. ಅದರಲ್ಲೂ ರೋಸ್ಮರಿನಿಕ್ ಆಮ್ಲ ಚೆನ್ನಾಗಿಯೇ ಇದೆ. ಜೊತೆಗೆ ಯಕೃತ್ತನ್ನು ಕೆಡಿಸುವ ಆಲ್ಕಲಾಯ್ಡ್‌ಗಳೂ ಇವೆ. ಹೊಟ್ಟೆಗೆ ತಗೊಳ್ಳುವ ಕಾಮ್‌ಫ್ರಿ ಮಾಲನ್ನು ಮಾರುಕಟ್ಟೆಯಿಂದ ತೆಗೆಯಿರಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲೇ ಕಂಪನಿಗಳಿಗೆ ಹೇಳಿತು. ಆದ್ದರಿಂದ ತಮ್ಮ ತಂದ ಬಾಟಲಿಯಲ್ಲಿ ಆಮ್ಲ ಯಾವ ಗಿಡದಿಂದ ತೆಗೆದದ್ದು ಎಂದು ಓದಿ. ರೋಸ್ಮರಿ, ಲೆಮನ್ ಬಾಮ್, ಪೆರಿಲ್ಲಾ ಎಂದಿದ್ದರೆ ಸರಿ. ಬರೀ "ರೋಸ್ಮರಿ ಸಾರ" ಎಂದಿದ್ದರೆ ಅದರಲ್ಲಿ ಈ ಆಮ್ಲ ಎಷ್ಟು ಎಂದು ಬರೆದಿದೆಯಾ ನೋಡಿ. ರೋಸ್ಮರಿಯಲ್ಲಿ ಕಾರ್ನೋಸಿಕ್ ಆಮ್ಲ ಎಂಬ ಬೇರೆಯದೂ ಇದೆ. ಎಣ್ಣೆ ತಿಂಡಿ ಕನರಾಗದಂತೆ ಕಂಪನಿಗಳು ಸೇರಿಸುವ ರೋಸ್ಮರಿ ಸಾರದಲ್ಲಿ ಮುಖ್ಯ ಕೆಲಸ ಅದರದ್ದು. ರೋಸ್ಮರಿ ಸಾರ, ರೋಸ್ಮರಿನಿಕ್ ಆಮ್ಲ ಎಂಬ ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಲೇಬಲ್ ಬರೆಯುವವರೂ ಎಡವುತ್ತಾರೆ. ಗಿಡದ ಹೆಸರೇ ಇಲ್ಲದಿದ್ದರೆ ಬಾಟಲಿ ತೆರೆಯಬೇಡಿ.

ತಮ್ಮನಿಗೆ ಬೇಜಾರಾಗುವುದು ಬೇಡ, ಅಕ್ಕರೆಯಿಂದ ತಂದಿದ್ದಾನೆ. ಅಮ್ಮನ ಮಂಡಿಗೆ ಏನು ಒಳ್ಳೆಯದು ಅಂತ ಅವನು ಕೇಳಿದರೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಹತ್ತಿರ ನಾಲ್ಕು ಸಲ ಕರೆದುಕೊಂಡು ಹೋಗುವ ಖರ್ಚು ಕೊಡಲಿ. ಮಂಡಿಸವೆತಕ್ಕೆ ಆ ವ್ಯಾಯಾಮದ ಹಿಂದಿರುವ ಆಧಾರ ಈ ಆಮ್ಲದ ಹಿಂದಿರುವುದಕ್ಕಿಂತ ಎಷ್ಟೋ ಗಟ್ಟಿ. ಮುಂದಿನ ಸಲ ಸಕ್ಕರೆ ತೋರಿಸಲು ಹೋಗುವಾಗ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ, ವೈದ್ಯರು ಲೇಬಲ್ ನೋಡಲಿ. ಕಷಾಯ ಮತ್ತು ಕಬ್ಬಿಣದ ಮಾತ್ರೆಯ ಹೊತ್ತು ಬೇರೆ ಮಾಡಿದ್ದನ್ನೂ ಅವರಿಗೆ ಹೇಳಿ, ಹಿಮೋಗ್ಲೋಬಿನ್ ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು ಎಂದು ಅವರೇ ತಿಳಿಸುತ್ತಾರೆ.